ಮಹಾಕೂಟದ ಹೊಂಡದಲ್ಲಿ ಒಂದು ಹಗಲು

ಬಾದಾಮಿಯ ಕೆಂಪು ಬಂಡೆಗಳು ವೈಶಾಖದ ಹಗಲೆಲ್ಲ ಹೀರಿಕೊಂಡ ಕಾವನ್ನು ಇರುಳೆಲ್ಲ ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತಿರುವುದರಿಂದ, ಆ ಊರಿನಲ್ಲಿ ಬೇಸಿಗೆಯ ರಾತ್ರಿಯನ್ನು ಕಳೆದವನಿಗೆ ಬೆಳಗಿನ ಜಾವದಲ್ಲಿ ಮೊದಲು ನೆನಪಾಗುವ ವಸ್ತುವೆಂದರೆ ನೀರು. ಆದರೆ ನೀರನ್ನು ಹುಡುಕಿಕೊಂಡು ಹೊರಟರೆ ಆ ಕಾಲದಲ್ಲಿ ಅಲ್ಲಿ ದೊರೆಯುವುದಾದರೂ ಏನು? ಪಟ್ಟದಕಲ್ಲು, ಐಹೊಳೆಗಳ ದೇವಾಲಯಗಳನ್ನು ತನ್ನ ದಡದಲ್ಲಿ ಬೆಳೆಸಿದ ಮಲಪ್ರಭೆಯು ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿರುವಳು. ಗುಹಾಲಯಗಳ ಕೆಳಗೆ ಹರಡಿಕೊಂಡಿರುವ ಅಗಸ್ತ್ಯತೀರ್ಥವು, ಸುತ್ತಲಿನ ಬಂಡೆಗಳ ಮೇಲಿಂದ ಇಳಿದುಬಂದ ಮಳೆನೀರನ್ನು ಕೂಡಿಟ್ಟುಕೊಂಡ ಕೆರೆಯಾದುದರಿಂದ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಕೆಳಗಿಳಿದು, ಪಾಚಿಗಟ್ಟಿ ಹಸುರಾಗಿರುವುದು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತಲೂ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ಇದು ಸಹಜವೇ ಸರಿ. ಸೋಜಿಗವೆನಿಸುವುದು ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ ಹೋದಾಗ. ರಸ್ತೆಯ ದಾರಿಯಲ್ಲಿ ಸುಮಾರು 14 ಕಿಲೋಮೀಟರು ಸಾಗಿ ಮಹಾಕೂಟವನ್ನು ಸೇರಿದವನು, ಅದೇ ಉರಿಬಿಸಿಲಿನ ತಿಂಗಳಲ್ಲಿ, ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರಿನಿಂದ ತುಂಬಿ ನಿಂತ ಹೊಂಡವೊಂದನ್ನು ಕಾಣುವನು.

ಇದಕ್ಕೆ ವಿಷ್ಣುಪುಷ್ಕರಿಣಿಯೆಂದು ಹೆಸರು. ಪುಸ್ತಕಗಳಲ್ಲಿ ಹಾಗೆಂದು ಬರೆದಿರುವುದಾದರೂ ಸುತ್ತಲಿನ ಹಳ್ಳಿಗರಿಗೆ ಅದು ಬರಿಯ ‘ಹೊಂಡ’. ಅಲ್ಲಿಗೆ ಬರುವುದೆಂದರೆ ‘ಈಸಾಕ’ ಬರುವುದು. ಬೆಳಗಿನ ಏಳು ಗಂಟೆಗೆ ನನ್ನನ್ನು ಅಲ್ಲಿ ಇಳಿಸಿದ ಟಂಟಂನವನು, ನನ್ನ ಹೆಗಲ ಮೇಲಿನ ಟವೆಲ್ಲನ್ನು ನೋಡಿ, ದೇವರ ದರ್ಶನಕ್ಕೋ ಎಂದು ಕೇಳದೆ, “ಈಸಾಕ ಬರತೈತೇನ್ರಿ?” ಎಂದೇ ಕೇಳಿದನು. ಬರುತ್ತದೆಂದೆನು. “ಹಂಗಾರ ಸಂಜಿಮಟಾ ಮ್ಯಾಲ ಬರಂಗಿಲ್ಲ ಬಿಡ್ರಿ” ಎಂದು ಹೇಳಿ, ಸಾಯಂಕಾಲ ಬರುವುದಾಗಿ ಮಾತು ಕೊಟ್ಟು ಹೋದನು.

ಗುಡಿಗಳ ಆವರಣದ ಗೋಡೆಯೊಳಗೆ ಕಾಲಿಟ್ಟೊಡನೆ ಗಾಳಿಯ ಗುಣವೇ ಬೇರೆಯಾದಂತೆ ತೋರಿತು. ಆಲದ ಮರಗಳ ನೆರಳು, ಆ ನೆರಳಿನಲ್ಲಿ ಚಿಕ್ಕವೂ ದೊಡ್ಡವೂ ಆದ ಗುಡಿಗಳ ಗುಂಪು, ಕೆಲವು ದ್ರಾವಿಡ ಶಿಖರದವು, ಕೆಲವು ಉತ್ತರದೇಶದ ನಾಗರ ಶೈಲಿಯ ಬಾಗಿದ ಶಿಖರದವು, ಎಲ್ಲವೂ ಒಂದರ ಮಗ್ಗುಲಲ್ಲೊಂದು ನೀರಿನ ಸುತ್ತ ಕುಳಿತಿರುವ ರೀತಿಯನ್ನು ನೋಡಿದರೆ, ಬಾಯಾರಿ ಬಂದ ಹಿಂಡು ಹೊಂಡದ ದಡದಲ್ಲಿ ನಿಂತುಬಿಟ್ಟಿರುವಂತೆ ಕಾಣುವುದು. ಹೊಂಡದ ನಡುವೆ ಒಂದು ಪುಟ್ಟ ಮಂಟಪ. ಅದರೊಳಗೆ ನಾಲ್ಕು ದಿಕ್ಕಿಗೆ ನಾಲ್ಕು ಮುಖಗಳುಳ್ಳ, ಐದನೆಯದು ಮೇಲ್ಮುಖವಾಗಿದೆಯೆಂದು ಎಣಿಸಿ ಪಂಚಮುಖಲಿಂಗವೆಂದು ಕರೆಯುವ ಶಿವಲಿಂಗ. ನಾನು ಮೊದಲು ಮೆಟ್ಟಿಲ ಮೇಲೆ ಸುಮ್ಮನೆ ಕುಳಿತು ನೀರನ್ನು ನೋಡಿದೆನು. ಮುಳುಗಿದ ಮೆಟ್ಟಿಲುಗಳ ಅಂಚುಗಳು, ಒಂದರ ಕೆಳಗೊಂದು, ಬಿಸಿಲಿನ ರೇಖೆಗಳು ಅವುಗಳ ಮೇಲೆ ಹೆಣೆದು ಬಿಚ್ಚುತ್ತಿದ್ದ ಬಲೆಯ ಅಡಿಯಲ್ಲಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದುವು. ಒಂದು ಆಲದೆಲೆಯು ನೀರಿನ ಮೇಲೆ ಬಿದ್ದು, ಗಾಳಿ ಇಲ್ಲದಿದ್ದರೂ, ಯಾರೋ ಬೆರಳಿನಿಂದ ಮೆಲ್ಲನೆ ನೂಕುತ್ತಿರುವಂತೆ ಒಂದೇ ದಿಕ್ಕಿಗೆ ಸರಿಯುತ್ತಿದ್ದಿತು. ನಿಂತ ನೀರಲ್ಲ ಇದು ಎಂಬುದು ಆ ಎಲೆಯಿಂದ ತಿಳಿಯಿತು.

ನೀರಿಗಿಳಿದಾಗ ಮೊದಲು ಆದುದು ಚಳಿ. ಉಸಿರು ಒಂದು ಕ್ಷಣ ಎದೆಯಲ್ಲಿಯೇ ಸಿಕ್ಕಿಕೊಂಡಿತು. ಆದರೆ ಹಿಂದೊಮ್ಮೆ ನಾನು ಪುಷ್ಯಮಾಸದ ಮುಂಜಾನೆಯಲ್ಲಿ ಇದೇ ಹೊಂಡಕ್ಕೆ ಇಳಿದಿದ್ದಾಗ ನೀರು ಬೆಚ್ಚಗಿದ್ದುದು ಚೆನ್ನಾಗಿ ನೆನಪಿದೆ. ಆ ದಿನ ನೀರಿನಿಂದ ಮೇಲೆ ಬರುವುದೇ ಕಷ್ಟವಾಗಿದ್ದಿತು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸುಪು ಎಂಬ ಈ ಮಾತನ್ನು ನಮ್ಮ ಜನರು ದೇವರ ಮಹಿಮೆಯೆಂದು ಹೇಳುತ್ತ ಬಂದಿದ್ದಾರೆ. ಮಾತು ನಿಜ, ಅದರ ಕಾರಣವು ಇನ್ನೂ ಸುಂದರವಾದುದು. ಬದಲಾಗುವುದು ನೀರಲ್ಲ, ನಾವು. ಬಿಸಿಲಿನ ಕಾವು ನೆಲದೊಳಗೆ ಇಳಿಯುತ್ತ ಹೋದಂತೆ ಕ್ಷೀಣಿಸುವುದು. ಬೇಸಿಗೆ ಚಳಿಗಾಲಗಳ ಏರಿಳಿತವು ಹತ್ತು ಹದಿನೈದು ಮೀಟರು ಆಳಕ್ಕೆ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಅಡಗಿಹೋಗಿ, ಅಲ್ಲಿಂದ ಕೆಳಗೆ ಕಲ್ಲೂ ಕಲ್ಲಿನೊಳಗಿನ ನೀರೂ ಆ ಪ್ರದೇಶದ ಇಡೀ ವರ್ಷದ ಸರಾಸರಿ ಉಷ್ಣತೆಯಲ್ಲಿಯೇ ನೆಲಸಿರುತ್ತವೆ. ಅದು ನಮ್ಮ ಚರ್ಮದ ಉಷ್ಣತೆಗಿಂತ ಹಲವು ಡಿಗ್ರಿ ಕಡಿಮೆ. ಅಲ್ಲದೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸಬಲ್ಲುದಾದುದರಿಂದ, ಬಿಸಿಲಿನಿಂದ ಬಂದ ಮೈಯ ಕಾವನ್ನು ಅದು ಒಮ್ಮೆಲೇ ಕಸಿದುಕೊಳ್ಳುವುದು. ಇನ್ನೂ ಬಹಳ ಆಳಕ್ಕಿಳಿದು ಭೂಮಿಯ ಒಡಲಿನ ಬಿಸಿಯನ್ನು ತಗುಲಿಸಿಕೊಂಡು ಮೇಲೆ ಬಂದ ನೀರಾದರೆ ಅದು ಪುತ್ತೂರಿನ ಬಳಿಯ ಬೆಂದ್ರುತೀರ್ಥದಂತೆ ಬಿಸಿನೀರಿನ ಬುಗ್ಗೆಯಾಗುತ್ತಿದ್ದಿತು. ಮಹಾಕೂಟದ ನೀರು ಅಷ್ಟು ದೂರ ಹೋದುದಲ್ಲ.

ಹಾಗಾದರೆ ಎಲ್ಲಿಗೆ ಹೋಗಿ ಬಂದುದು? ಈ ಪ್ರಶ್ನೆಗೆ ಉತ್ತರವನ್ನು ಮೊದಲು ಕೊಟ್ಟವರು ಒಬ್ಬ ಹಿರಿಯರು. ಅವರು ತಮ್ಮ ಮೊಮ್ಮಗನಿಗೆ ಈಜು ಕಲಿಸಲು ಬಂದಿದ್ದರು. ಹಿಂದಿನ ಕಾಲದಲ್ಲಿ ಮಕ್ಕಳ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟುತ್ತಿದ್ದರಷ್ಟೆ. ಇವರು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನೊಂದನ್ನು ಹಳೆಯ ಧೋತರದ ಪಟ್ಟಿಯಿಂದ ಹುಡುಗನ ಬೆನ್ನಿಗೆ ಬಿಗಿದಿದ್ದರು. ಎಂಟು ವರ್ಷದ ಆ ಹುಡುಗನು ಮೆಟ್ಟಿಲಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಗಲ್ಲವನ್ನು ಆಕಾಶಕ್ಕೆತ್ತಿ, ಬಿಡಲೊಲ್ಲದೆ ಅಳುತ್ತಿದ್ದನು. ಅಜ್ಜನವರು ಸೊಂಟದ ನೀರಿನಲ್ಲಿ ನಿಂತು, ಅಂಗೈಯನ್ನು ಹುಡುಗನ ಹೊಟ್ಟೆಯ ಕೆಳಗಿಟ್ಟು, “ಕಾಲ ಬಡಿಯೋ ತಮ್ಮಾ, ಕಾಲ ಬಡಿ. ನೀ ನೀರನ್ನ ಹಿಡೀಬ್ಯಾಡ, ನೀರ ನಿನ್ನ ಹಿಡಿತೈತಿ” ಎಂದು ನೂರು ಬಾರಿ ಹೇಳಿದರು, ಒಂದು ಬಾರಿಯೂ ದನಿಯೇರಿಸಲಿಲ್ಲ. ಅಂಗೈ ಎಷ್ಟು ಹೊತ್ತಿಗೋ ಹೊಟ್ಟೆಯಿಂದ ಒಂದು ಬೆರಳಿನಷ್ಟು ಕೆಳಕ್ಕೆ ಸರಿದಿದ್ದಿತು. ಹುಡುಗನಿಗೆ ಅದು ತಿಳಿಯದು. ನಾನು ಆ ಬೆರಳಗಲದ ಅಂತರವನ್ನು ನೋಡುತ್ತ, ಎದೆಯ ತುಂಬ ಗಾಳಿ ತುಂಬಿಕೊಂಡ ಮನುಷ್ಯದೇಹವು ತಾನು ಸರಿಸಿದ ನೀರಿಗಿಂತ ತುಸು ಹಗುರವಾಗಿರುವುದೆಂಬ ಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠಶಾಲೆಯೂ ಕಲಿಸಲಾರದೆಂದುಕೊಂಡೆನು.

ಮೇಲೆ ಬಂದು ಕುಳಿತಾಗ ಅವರನ್ನು ಕೇಳಿದೆನು: “ಅಜ್ಜಾ, ಸೆಲೆ ಎಲ್ಲಿದೆ?” ಅವರು ಹೊಂಡದ ಕಡೆಗೆ ನೋಡಲೇ ಇಲ್ಲ. ಗೋಡೆಯ ಆಚೆ, ಗುಡಿಗಳ ಶಿಖರಗಳ ಮೇಲೆ ಎದ್ದು ನಿಂತ ಕೆಂಪು ಗುಡ್ಡಕ್ಕೆ ಗದ್ದವನ್ನೆತ್ತಿ ತೋರಿಸಿ, “ಸೆಲಿ ಮ್ಯಾಲೈತ್ರಿ. ಇಲ್ಲಿರೂದು ಬರೇ ಬಾಯಿ” ಎಂದರು. ಒರತೆಯನ್ನು ಕುರಿತು ನಾನು ಓದಿದ ಪುಟಗಳೆಲ್ಲದರ ಸಾರವೂ ಆ ಮಾತಿನಲ್ಲಿದ್ದಿತು. ಮಧ್ಯಾಹ್ನ ಇಳಿಯುತ್ತಲೆ ಗುಡ್ಡವನ್ನು ಹತ್ತಿ ನೋಡಬೇಕೆಂದು ಆಗಲೇ ನಿಶ್ಚಯಿಸಿದೆನು.

ಅದಕ್ಕೆ ಮುನ್ನ ಗುಡಿಗಳನ್ನು ನೋಡಿದೆನು. ಇಲ್ಲಿ ಮೊದಲು ಬಂದುದು ಗುಡಿಯಲ್ಲ, ನೀರು. ನೀರಿದ್ದುದರಿಂದ ತೀರ್ಥವಾಯಿತು, ತೀರ್ಥವಾದುದರಿಂದ ಅರಸರು ಬಂದರು ಎಂಬುದು ನನ್ನ ನಂಬಿಕೆ. ವಾತಾಪಿ ಇಲ್ವಲರೆಂಬ ರಾಕ್ಷಸರನ್ನು ನಿಗ್ರಹಿಸಿದ ಅಗಸ್ತ್ಯರ ಹೆಸರು ಇಲ್ಲಿನ ಸ್ಥಳಪುರಾಣದಲ್ಲಿ ನೀರಿನೊಡನೆ ಬೆರೆತಿರುವುದು ಸುಮ್ಮನೆ ಅಲ್ಲ. ಬಾದಾಮಿಯ ಕೋಟೆಯನ್ನು ಚಲುಕ್ಯರ ಅರಸ ಒಂದನೆಯ ಪುಲಕೇಶಿಯು ಕಟ್ಟಿಸಿದುದು 543ರಲ್ಲಿ. ಅವನ ರಾಣಿ ದುರ್ಲಭದೇವಿಯು ಮಹಾಕೂಟೇಶ್ವರನಿಗೆ ಪಟ್ಟದಕಲ್ಲು, ಐಹೊಳೆಗಳೂ ಸೇರಿದಂತೆ ಹತ್ತು ಗ್ರಾಮಗಳನ್ನು ದತ್ತಿಯಾಗಿ ಕೊಟ್ಟುದನ್ನು, ಚಲುಕ್ಯರ ವಂಶಾವಳಿ ವಿಜಯಗಳೊಡನೆ ಹೇಳುವ ಮಂಗಲೇಶನ ಕಾಲದ ಸ್ತಂಭಶಾಸನವು ಇಲ್ಲಿಯೇ ನಿಂತಿದ್ದಿತು. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ವಿದ್ವಾಂಸರು ಅದನ್ನು 602ರದೆಂದು ಹೇಳುವರು. ಶಾಸನದ ತಿಥಿ ವೈಶಾಖ ಪೌರ್ಣಮಿ. ನಾನು ಹೋದ ತಿಂಗಳೂ ಅದೇ ಆದುದರಿಂದ ಈ ತಿಥಿಯು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಹದಿನಾಲ್ಕು ಶತಮಾನಗಳ ಹಿಂದಿನ ಅಂಥದೇ ಬಿಸಿಲಿನಲ್ಲಿ, ಹೊಳೆ ಬತ್ತಿದ ತಿಂಗಳಿನಲ್ಲಿ, ರಾಜಪರಿವಾರದವರು ದಾನಧಾರೆಯೆರೆಯಲು ಬೇಕಾದ ನೀರನ್ನು ಎಲ್ಲಿಂದ ತಂದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಅದಕ್ಕಿಂತಲೂ ನನಗೆ ಪ್ರಿಯವಾದುದು ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದ ಮೇಲಿನ ಕನ್ನಡ ಶಾಸನ. ಅರಸ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯಾದ ವಿನಾಪೋಟಿಯೆಂಬವಳು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟುದನ್ನು ಅದು ಹೇಳುವುದು. ಪಟ್ಟದ ರಾಣಿಯಲ್ಲದ ಒಬ್ಬ ಹೆಂಗಸಿನ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸಿದ ಊರು ಇದು. ಮಾಣಿಕ್ಯವೂ ಬೆಳ್ಳಿಯೂ ಎಲ್ಲಿಗೆ ಹೋದುವೋ. ಅವಳು ಇಳಿದಿರಬಹುದಾದ ಹೊಂಡದಲ್ಲಿ ಹಳ್ಳಿಯ ಹುಡುಗರು ಈ ಹೊತ್ತಿಗೂ ದಡದ ಕಲ್ಲಿನಿಂದ ದುಮುಕುತ್ತಿದ್ದಾರೆ. ದೇವರಿರುವ ನೀರಿನಲ್ಲಿ ಇಷ್ಟು ಗದ್ದಲವೇ ಎಂದು ಕೆಲವರು ಮುಖ ಸಿಂಡರಿಸುವುದನ್ನು ಕಂಡಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ಭಕ್ತಿಯಿಂದ ಮೂರು ಬಾರಿ ಮುಳುಗಿ ಏಳುವವರಿಗೂ ಕೇಕೆ ಹಾಕುತ್ತ ದುಮುಕುವವರಿಗೂ ಎಡೆಯಿರುವುದೇ ಈ ಹೊಂಡದ ದೊಡ್ಡತನ.

ಮಧ್ಯಾಹ್ನದ ಊಟವನ್ನು ಹೊರಗೆ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಿಯೊಬ್ಬಳು ಕೊಟ್ಟಳು: ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಗಡಿಗೆಯಲ್ಲಿ ಹೆಪ್ಪಾದ ಮೊಸರು. ಈಜಿದವನ ಹಸಿವೆಗೆ ಇದರಂಥ ಅನ್ನವಿಲ್ಲ.

ಮೂರೂವರೆಯ ಹೊತ್ತಿಗೆ, ಬಾದಾಮಿಗೆ ಹೋಗುವ ಹಳೆಯ ಕಾಲುದಾರಿಯನ್ನು ಹಿಡಿದು ಗುಡ್ಡವನ್ನೇರಿದೆನು. ಕಲ್ಲು ಚಪ್ಪಲಿಯನ್ನು ಮೀರಿ ಅಂಗಾಲನ್ನು ಸುಡುತ್ತಿದ್ದಿತು. ಮೇಲೆ ತಲುಪಿ ನೋಡಿದರೆ ನೀರಿನ ಹೆಸರೇ ಇಲ್ಲ. ಸುತ್ತಲೂ ಒಣಹುಲ್ಲು, ಮುಳ್ಳುಕಂಟಿ, ಚಪ್ಪಟೆಯಾಗಿ ಹಾಸಿದ ಕೆಂಪು ಬಂಡೆ. ಈ ಬಂಡೆಯು ಮರಳುಗಲ್ಲು. ಭೂಶಾಸ್ತ್ರಜ್ಞರು ಕಲಾದಗಿಯ ಹೆಸರಿನಿಂದ ಕರೆಯುವ ಶಿಲಾಸಮೂಹಕ್ಕೆ ಸೇರಿದುದು. 50 ಕೋಟಿಗೂ ಮಿಕ್ಕು ವರ್ಷಗಳ ಹಿಂದೆ, ಭೂಮಿಯ ಮೇಲೆ ಹುಲ್ಲಿನ ಒಂದು ಎಸಳೂ ಹುಟ್ಟಿರದಿದ್ದ ಕಾಲದಲ್ಲಿ, ಹರಿಯುವ ನೀರು ತಂದು ಹಾಸಿದ ಮರಳೇ ಪದರಪದರವಾಗಿ ಬಿಗಿದು ಈ ಕಲ್ಲಾಯಿತು. ಚಲುಕ್ಯರ ಶಿಲ್ಪಿಗಳ ಉಳಿಗೆ ಒಲಿದುದೂ ಇದೇ ಕಲ್ಲು. ಇದರ ಕಣಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ನೀರು ಕಲ್ಲಿನ ಮೈಯೊಳಗೆ ಹೆಚ್ಚಾಗಿ ಇಳಿಯಲಾರದು. ಅದು ಇಳಿಯುವುದು ಬಿರುಕುಗಳಲ್ಲಿ.

ಅಂಥ ಬಿರುಕೊಂದರ ಪಕ್ಕದಲ್ಲಿ ನಾನು ಮೊಣಕಾಲೂರಿ ಕುಳಿತೆನು. ಗೇಣಗಲವಿದ್ದಿತು; ಗೆರೆ ಎಳೆದಂತೆ ನೇರವಾಗಿ ಬಂಡೆಯನ್ನು ಸೀಳಿಕೊಂಡು ಹೋಗಿದ್ದಿತು. ಅದರೊಳಗೆ ಉದುರಿದ ಎಲೆ, ಆಡಿನ ಹಿಕ್ಕೆ, ಗಾಳಿ ತಂದ ಮಣ್ಣು. ಆ ಮಣ್ಣಿನಲ್ಲಿ ಬೇರೂರಿದ ಒಂದು ಗಿಡದ ಎಲೆ ಮಾತ್ರ, ಸುತ್ತಲಿನ ಬೂದುಬಣ್ಣದ ನಡುವೆ, ಹಸುರಾಗಿದ್ದಿತು. ಕೈಯನ್ನು ಮೊಣಕೈವರೆಗೆ ಒಳಕ್ಕೆ ಇಳಿಸಿದೆನು. ಮೇಲೆ ಸುಡುವ ಕಲ್ಲು. ಒಂದು ಮೊಳ ಕೆಳಗೆ ಕಲ್ಲು ತಣ್ಣಗಿದ್ದಿತು. ಮುಂಗಾರಿನಲ್ಲಿಯೂ ಹಿಂಗಾರಿನಲ್ಲಿಯೂ ಈ ಬಂಡೆಯ ಮೇಲೆ ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ಹರಿದು ಹಳ್ಳ ಸೇರುವುದು. ಸ್ವಲ್ಪವು ಹುಲ್ಲಿನ ಬೇರಿಗೆ ತಡೆದು, ಕಸದ ಮೇಲೆ ಹನಿದು, ಇಂಥ ಸಾವಿರಾರು ಬಿರುಕುಗಳಲ್ಲಿ ಇಳಿಯುವುದು. ಹಾಗೆ ಇಳಿಯುತ್ತ ಪದರಗಳ ಸಂದಿನಲ್ಲಿ ಅಡ್ಡಲಾಗಿ ತೆವಳಿ, ಮತ್ತೊಂದು ಬಿರುಕು ಸಿಕ್ಕಿದಲ್ಲಿ ಕೆಳಗಿಳಿದು, ಕಟ್ಟಕಡೆಗೆ ತನ್ನನ್ನು ಕೆಳಗೆ ಬಿಡದ ಬಿಗಿಯಾದ ಹಾಸನ್ನು ಮುಟ್ಟಿ, ಅದರ ಮೇಲೆಯೇ ಜಾರುತ್ತ ಗುಡ್ಡದ ಬುಡದಲ್ಲಿ ಎಲ್ಲಿ ಬಾಯಿ ತೆರೆದಿದೆಯೋ ಅಲ್ಲಿ ಹೊರಗೆ ಬರುವುದು. ಈ ಪಯಣವು ಬಹಳ ನಿಧಾನವಾದುದರಿಂದಲೇ, ನಾಲ್ಕೈದು ತಿಂಗಳು ಸುರಿದ ಮಳೆ ಹನ್ನೆರಡು ತಿಂಗಳ ನೀರಾಗುವುದು.

ಹೊಂಡವು ತಿಳಿಯಾಗಿರುವುದಕ್ಕೂ ಇದೇ ಕಾರಣ. ಕೆರೆಗೆ ಹರಿದುಬರುವ ನೀರು ದಾರಿಯ ಮಣ್ಣನ್ನೂ ಗೊಬ್ಬರವನ್ನೂ ಹೊತ್ತು ತರುವುದು. ಅವುಗಳನ್ನು ಉಂಡು ಪಾಚಿ ಬೆಳೆಯುವುದು. ಒರತೆಯ ನೀರಾದರೋ ಮಣ್ಣಿನಲ್ಲಿಯೂ ಕಲ್ಲಿನ ಸಂದುಗಳಲ್ಲಿಯೂ ಸೋಸಿಕೊಂಡು ಬರುವುದಲ್ಲದೆ, ಹೊಂಡದಲ್ಲಿದ್ದುದನ್ನು ಬಿಡುವಿಲ್ಲದೆ ಹೊರಕ್ಕೆ ನೂಕುತ್ತಿರುವುದರಿಂದ ಪಾಚಿಗೆ ನೆಲೆಯೂರಲು ಅವಕಾಶ ಕಡಿಮೆ. ನಗರಗಳ ಈಜುಕೊಳಗಳಲ್ಲಿ ಇದೇ ಕೆಲಸವನ್ನು ಪಂಪೂ ಮರಳಿನ ತೊಟ್ಟಿಯೂ ಕ್ಲೋರಿನ್ನೂ ಸೇರಿ ಮಾಡಬೇಕು. ಅಲ್ಲಿ ಮೂಗಿಗೆ ಬಡಿಯುವ ಘಾಟು ಕ್ಲೋರಿನ್ ಒಂದರದೇ ಅಲ್ಲ, ಕ್ಲೋರಿನ್ನು ನಮ್ಮ ಬೆವರಿನೊಡನೆ ಕೂಡಿ ಹುಟ್ಟಿದುದು. ಮಹಾಕೂಟದ ನೀರಿಗೆ ವಾಸನೆಯೇ ಇಲ್ಲ. ಮುಳುಗಿ ಎದ್ದವನ ಮೂಗಿಗೆ ಬರುವುದು ಒದ್ದೆಗಲ್ಲಿನ ಗಂಧ ಮಾತ್ರ.

ಇಷ್ಟು ಪುಣ್ಯದಿಂದ ಬಂದ ನೀರಿಗೆ ನಾವು ಮಾಡುತ್ತಿರುವುದನ್ನು ಹೇಳದೆ ಹೋದರೆ ಲೇಖನವು ಅಪ್ರಾಮಾಣಿಕವಾದೀತು. ಬೆಳಿಗ್ಗೆ ನಾನು ಕುಳಿತ ಮೆಟ್ಟಿಲಿನ ಸಂದಿನಿಂದ ಶಾಂಪೂ ಚೀಟಿಗಳನ್ನು ಆರಿಸಿ ತೆಗೆದೆನು, ಹನ್ನೊಂದಿದ್ದುವು. ಸೋಪಿನ ನೊರೆ ಮೀನಿನ ಕಿವಿರುಗಳಿಗೆ ವಿಷ; ಅದರ ರಾಸಾಯನಿಕಗಳಲ್ಲಿ ಕೆಲವು ಪಾಚಿಗೆ ಆಹಾರ. ಆದರೂ ಸೋಪು ಕಣ್ಣಿಗೆ ಕಾಣುವ ಅಪಾಯ, ತಡೆಯಬಹುದಾದುದು. ಕಾಣದ ಅಪಾಯವು ಗುಡ್ಡದಲ್ಲಿದೆ. ನೀರು ತುಂಬಿದ ಹರವಿಯ ಪಕ್ಕೆಯಲ್ಲಿ ಒಂದು ತೂತಿದ್ದರೆ, ಒಳಗಿನ ನೀರು ತೂತಿಗಿಂತ ಮೇಲಿರುವವರೆಗೆ ಮಾತ್ರ ಹೊರಗೆ ಸುರಿಯುವುದಲ್ಲವೆ? ಒರತೆಯೂ ಹಾಗೆಯೇ. ಗುಡ್ಡದೊಳಗಿನ ಜಲಮಟ್ಟವನ್ನು ಕೊಳವೆಬಾವಿಗಳು ಒರತೆಯ ಬಾಯಿಗಿಂತ ಕೆಳಕ್ಕೆ ಎಳೆದ ದಿನ, ಅಥವಾ ಮೇಲಿನ ಹುಲ್ಲೂ ಕಂಟಿಯೂ ಹೋಗಿ ಮಳೆಯು ಬಂಡೆಯ ಮೇಲೆ ನಿಲ್ಲದೆ ಜಾರಿಹೋಗತೊಡಗಿದ ದಿನ, ಕೆಳಗೆ ಯಾರೂ ಏನೂ ಮಾಡದಿದ್ದರೂ ಹೊಂಡ ಬರಿದಾಗುವುದು. ಪಾವಗಡ, ಮಧುಗಿರಿಗಳ ಕಡೆಯ ತಲಪರಿಗೆಗಳ ಕಥೆಯು ಇದೇ; ಹಳ್ಳದ ಮರಳಿನಡಿಯ ಸೆಲೆಯನ್ನು ಕಾಲುವೆಯಲ್ಲಿ ತಂದು ಗದ್ದೆ ಬೆಳೆಯುತ್ತಿದ್ದ ಆ ಏರ್ಪಾಡು ಕೊಳವೆಬಾವಿಗಳ ಕಾಲದಲ್ಲಿ ಬಹುಪಾಲು ಒಣಗಿತು. ನೀತಿ ಆಯೋಗವು 2018ರಲ್ಲಿ ಪ್ರಕಟಿಸಿದ ವರದಿಯೊಂದರ ಅಂದಾಜಿನಂತೆ ದೇಶದಲ್ಲಿ ಸುಮಾರು 50 ಲಕ್ಷ ಒರತೆಗಳಿವೆ. ಅದರ ಮುಖ್ಯ ಚಿಂತೆ ಹಿಮಾಲಯದಲ್ಲಿ ಬತ್ತುತ್ತಿರುವ ಒರತೆಗಳದು.

ಆದರೆ ಬತ್ತಿದುದು ಮರಳಿ ಬಂದ ನಿದರ್ಶನವೂ ಅಲ್ಲಿಯೇ ಇದೆ. ಸಿಕ್ಕಿಂ ಸರಕಾರವು 2008ರಲ್ಲಿ ‘ಧಾರಾ ವಿಕಾಸ’ವೆಂಬ ಕಾರ್ಯವನ್ನು ಆರಂಭಿಸಿ, ಒರತೆಯ ಬಾಯಿಯನ್ನು ಅಗೆಯುವ ಬದಲು, ಯಾವ ಇಳಿಜಾರಿನಲ್ಲಿ ಬಿದ್ದ ಮಳೆ ಯಾವ ಒರತೆಗೆ ಬರುವುದೆಂಬುದನ್ನು ಶಿಲಾಪದರಗಳ ಓಟದಿಂದ ಗುರುತಿಸಿ, ಆ ಎತ್ತರದಲ್ಲಿ ಇಂಗುಗುಂಡಿಗಳನ್ನು ತೋಡಿಸಿತು, ಕ್ಷೀಣಿಸಿದ್ದ ಹಲವು ಒರತೆಗಳು ಬೇಸಿಗೆಯಲ್ಲಿಯೂ ಹರಿಯತೊಡಗಿದುವು. ಅಜ್ಜನವರು ಗದ್ದವನ್ನೆತ್ತಿ ತೋರಿಸಿದ ದಿಕ್ಕು ಅದೇ. ಮಹಾಕೂಟದ ಗುಡಿಗಳಿಗೆ ಗೋಡೆಯಿದೆ, ಕಾವಲಿದೆ. ಹೊಂಡದ ನಿಜವಾದ ಅಂಗಳವಾದ ಈ ಒಣಹುಲ್ಲಿನ ಗುಡ್ಡವನ್ನು ಹೊಂಡದ ಭಾಗವೆಂದು ಬರೆದ ಒಂದು ಫಲಕವನ್ನೂ ನಾನು ದಾರಿಯಲ್ಲಿ ಕಾಣಲಿಲ್ಲ. ಅದು ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಇಳಿದು ಬಂದಾಗ ಆರು ಗಂಟೆಯಾಗಿದ್ದಿತು. ಹುಡುಗನ ತುಟಿಗಳು ನೀಲಿಯಾಗಿದ್ದುವು, ಕಣ್ಣುಗಳು ಕೆಂಪಾಗಿದ್ದುವು. ಕ್ಯಾನು ಇನ್ನೂ ಬೆನ್ನ ಮೇಲೆಯೇ ಇದ್ದಿತು, ಆದರೆ ಅಳು ನಿಂತು, ಮೆಟ್ಟಿಲಿನಿಂದ ಮಂಟಪಕ್ಕೆ ಮೂರು ಬಾರಿ ಹೋಗಿ ಬಂದನೆಂದು ಅಜ್ಜನವರು ಹೇಳಿದರು. “ನಾಕು” ಎಂದು ಹುಡುಗನು ತಿದ್ದಿದನು. “ಮ್ಯಾಲೆ ನೀರು ಸಿಕ್ಕತೇನ್ರಿ?” ಎಂದು ಅಜ್ಜನವರು ನಗುತ್ತ ಕೇಳಿದರು. ಬಿರುಕಿನಲ್ಲಿ ಕೈಯಿಟ್ಟುದನ್ನು ಹೇಳಿದೆನು. ಅವರು ತಲೆಯಾಡಿಸಿ, ತಾವು ಹುಡುಗರಾಗಿದ್ದಾಗ ಅಂಥ ಬಿರುಕುಗಳಿಗೆ ಕಿವಿಗೊಟ್ಟು ಮಲಗುತ್ತಿದ್ದೆವೆಂದೂ, ಮಳೆಗಾಲದಲ್ಲಿ ಒಳಗಿನ ಸದ್ದು ಕೇಳುತ್ತಿತ್ತೆಂದೂ ಹೇಳಿದರು.

ನಾನು ಮತ್ತೊಮ್ಮೆ ನೀರಿಗಿಳಿದು, ಅಂಗಾತನಾಗಿ ತೇಲುತ್ತ, ಕಿವಿಗಳನ್ನು ನೀರಿನೊಳಗೆ ಬಿಟ್ಟು ಬಹಳ ಹೊತ್ತು ಇದ್ದೆನು. ಆಲದ ಕೊಂಬೆಗಳ ನಡುವಿನ ಆಕಾಶವು ಬಣ್ಣ ಕಳೆದುಕೊಳ್ಳುವವರೆಗೂ ಹೊಂಡವು ಬೆಳಗಿನಷ್ಟೇ ತಣ್ಣಗಿದ್ದಿತು. ಟಂಟಂನವನು ಎರಡು ಬಾರಿ ಹಾರನ್ ಹೊಡೆದ ಮೇಲೆ ಎದ್ದು, ಒದ್ದೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆನು. ಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸುತ್ತಿದ್ದಿತು. ಬಾದಾಮಿಯನ್ನು ಸೇರುವಷ್ಟರಲ್ಲಿ ಟವೆಲ್ಲು ಒಣಗಿಹೋಗಿದ್ದಿತು.